ಪ್ರೆಸ್ ಮುಂದೆ ನಿಲ್ಲೋ ಮುಂಚೆ

ಐಟಿಐ ಮುಗಿಸಿ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಾ? ಪವರ್ ಪ್ರೆಸ್ ಮೇಲೆ ಹಾಕಿದ್ದಾರಾ? ಹಾಗಾದ್ರೆ ಇದನ್ನ ಪೂರ್ತಿ ಕೇಳಿ.

ತಗಡು ಇಡೋದು, ಪೆಡಲ್ ಒತ್ತೋದು, ಪೀಸ್ ತೆಗೆಯೋದು. ಇಷ್ಟೇ ಕೆಲಸ. ಆದ್ರೆ ಅದನ್ನೇ ದಿನವಿಡೀ ಮಾಡ್ತಾ ಇದ್ರೆ ಯಾವುದೋ ಒಂದು ಸಲ ಕಾಲು ಮುಂದಾಗುತ್ತೆ, ಕೈ ಇನ್ನೂ ಡೈ ಒಳಗೇ ಇರುತ್ತೆ. ಹಳೇ ಕೀ ಕ್ಲಚ್ ಪ್ರೆಸ್‌ನಲ್ಲಿ ಒಮ್ಮೆ ಪೆಡಲ್ ಒತ್ತಿದ್ರೆ ಸುತ್ತು ಮುಗಿಯೋವರೆಗೂ ನಿಲ್ಲಿಸೋಕೇ ಆಗಲ್ಲ. ಅದಕ್ಕೇ ಗಾರ್ಡ್ ಬೇಕು. ಪೀಸ್ ತೆಗೆಯೋಕೆ ಇಕ್ಕಳ ಬೇಕು, ಬೆರಳಲ್ಲ.

ಕೆಲವು ಮಷೀನ್‌ಗೆ ಎರಡು ಬಟನ್ ಇರುತ್ತೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕು. ಅದರಲ್ಲಿ ಒಂದಕ್ಕೆ ಟೇಪ್ ಸುತ್ತಿದ್ದಾರಾ? ಟಾರ್ಗೆಟ್‌ಗೋಸ್ಕರ ನಿಮ್ಮ ಕೈಯನ್ನೇ ಪಣಕ್ಕಿಟ್ಟಿದ್ದಾರೆ. ಆ ಮಷೀನ್ ಓಡಿಸಬೇಡಿ, ಸೂಪರ್‌ವೈಸರ್‌ಗೆ ಹೇಳಿ.

ಪೀಸ್ ಸಿಕ್ಕಿಹಾಕಿಕೊಂಡ್ರೆ ಮೇನ್ ಆಫ್ ಮಾಡಿ, ಕಾಯಿರಿ. ಕರೆಂಟ್ ಹೋದ ಮೇಲೂ ಫ್ಲೈವೀಲ್ ತಿರುಗ್ತಾನೇ ಇರುತ್ತೆ. ಈ ಮಾತನ್ನ ಹೊಸಬರಿಗೆ ಯಾರಾದ್ರೂ ಬಾಯಿಬಿಟ್ಟು ಹೇಳಲೇಬೇಕು.

18 ತುಂಬದವರನ್ನ ತರಬೇತಿ, ಮೇಲ್ವಿಚಾರಣೆ ಇಲ್ಲದೆ ಅಪಾಯದ ಯಂತ್ರಕ್ಕೆ ಹಾಕಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. 19 ಆದವರಿಗೂ ಅದು ಬೇಕೇ ಬೇಕು. ಹುಟ್ಟುತ್ತಲೇ ಪ್ರೆಸ್ ಓಡಿಸೋಕೆ ಕಲಿತವರು ಯಾರೂ ಇಲ್ಲ. ಕೇಳೋಕೆ ನಾಚಿಕೆ ಬೇಡ: ‘ಅಣ್ಣಾ, ಎಮರ್ಜೆನ್ಸಿ ಸ್ಟಾಪ್ ಎಲ್ಲಿದೆ? ಒಂದು ಸಲ ಒತ್ತಿ ತೋರಿಸಿ.’

ಇನ್ನೊಂದು ವಿಷಯ. ನಿಮ್ಮ ಕಾರ್ಖಾನೆಗೆ ಇಎಸ್‌ಐ ಇದ್ರೆ ಸೇರಿದ ದಿನವೇ ನಂಬರ್ ಕೇಳಿ. ಕೆಲಸದಲ್ಲಿ ಆದ ಗಾಯದ ಪರಿಹಾರಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನೋ ಷರತ್ತಿಲ್ಲ. ಸಣ್ಣ ಗಾಯವಾದ್ರೂ ಅಪಘಾತದ ರಿಜಿಸ್ಟರ್‌ನಲ್ಲಿ ಅವತ್ತೇ ಬರೆಸಿ.