ಎಂಬತ್ತು ರೂಪಾಯಿಯಲ್ಲಿ ಬೆಂಗಳೂರು

ಲಂಡನ್, ಪ್ಯಾರಿಸ್ ನೋಡಿ ಬಂದವರು ತೋರಿಸುವ ಫೋಟೊಗಳಲ್ಲಿ ಮೇಲೆ ಚಾವಣಿ ಇಲ್ಲದ ಎರಡಂತಸ್ತಿನ ಬಸ್ಸೊಂದು ಇದ್ದೇ ಇರುತ್ತದೆ. ಅದಕ್ಕೆ ‘ಹಾಪ್ ಆನ್ ಹಾಪ್ ಆಫ್’ ಬಸ್ಸು ಎಂದು ಹೆಸರು. ನಮ್ಮ ಮನೆಯಲ್ಲಿ ನಾವು ಅದನ್ನು ‘ಹತ್ತಿಳಿ ಬಸ್ಸು’ ಅನ್ನುತ್ತೇವೆ. ಬೆಳಿಗ್ಗೆ ಒಂದು ಟಿಕೆಟ್ ತೆಗೆದರೆ ದಿನವಿಡೀ ನಡೆಯುತ್ತದೆ. ಬಸ್ಸು ಊರಿನ ಮುಖ್ಯ ಸ್ಥಳಗಳನ್ನು ಸುತ್ತುತ್ತಿರುತ್ತದೆ. ಬೇಕಾದ ಕಡೆ ಇಳಿದು, ಬೇಕಾದಷ್ಟು ಹೊತ್ತು ನೋಡಿ, ಹಿಂದಿನಿಂದ ಬರುವ ಮತ್ತೊಂದು ಬಸ್ಸು ಹತ್ತಿ ಮುಂದೆ ಹೋಗಬಹುದು. ದೆಹಲಿಯ ಪ್ರವಾಸೋದ್ಯಮ ಇಲಾಖೆಯವರು 2010ರಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ ಸಮಯದಲ್ಲಿ ಇಂಥದೇ ಬಸ್ಸು ಬಿಟ್ಟರು.

ನಮ್ಮ ರಾಜ್ಯದಲ್ಲಿ ಇದರ ಅಣ್ಣತಮ್ಮಂದಿರಂಥ ಬಸ್ಸುಗಳು ಇವೆ. ಮೈಸೂರಿನಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಅಂಬಾರಿ’ ಎಂಬ ತೆರೆದ ಬಸ್ಸಿದೆ. ದಸರೆಯ ದೀಪಾಲಂಕಾರ ನೋಡಲು ಅದರ ಮೇಲಂತಸ್ತಿಗೆ ಬಹಳ ಬೇಡಿಕೆ. ಬೆಂಗಳೂರಿನಲ್ಲಿ ಬಿಎಂಟಿಸಿಯ ‘ಬೆಂಗಳೂರು ದರ್ಶಿನಿ’ ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ಹೊರಟು ಮುಖ್ಯ ಸ್ಥಳಗಳನ್ನು ತೋರಿಸಿ ಸಂಜೆ ಅಲ್ಲಿಗೇ ತಂದು ಬಿಡುತ್ತದೆ. ಊರು ಗೊತ್ತಿಲ್ಲದವರಿಗೆ ಅದು ಒಳ್ಳೆಯ ವ್ಯವಸ್ಥೆ. ಆದರೆ ಅಲ್ಲಿ ಗಡಿಯಾರ ಬಸ್ಸಿನದು. ಮಗು ಒಂದು ಕಡೆ ಮೈಮರೆತು ನಿಂತಿದೆ ಎಂದು ಬಸ್ಸು ಕಾಯುವುದಿಲ್ಲ.

ಗಡಿಯಾರವೂ ನಮ್ಮದೇ ಆಗಿರಬೇಕು, ಖರ್ಚೂ ಪಿಂಚಣಿಯೊಳಗೆ ಇರಬೇಕು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಅದು ಬಿಎಂಟಿಸಿಯ ದಿನದ ಪಾಸ್. 2025ರ ಜನವರಿಯಲ್ಲಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ದಿನದ ಪಾಸ್‌ಗೆ 80 ರೂಪಾಯಿ. ಮೊದಲು 70 ಇತ್ತು. ಆ ಒಂದು ಚೀಟಿ ಇದ್ದರೆ ಬೆಂಗಳೂರಿನ ಸಾಮಾನ್ಯ ಬಸ್ಸುಗಳೆಲ್ಲ ನಮ್ಮ ಪಾಲಿಗೆ ಹತ್ತಿಳಿ ಬಸ್ಸುಗಳೇ.

ಪ್ರವಾಸದ ಚೀಟಿ

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ವಯಸ್ಸು ಎಪ್ಪತ್ತು ದಾಟಿದೆ. ತುಮಕೂರಿನ ಬಟವಾಡಿಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಂದಿಗೆ ನಾವಿಬ್ಬರೂ ಇದ್ದೇವೆ. ಮೊಮ್ಮಗನಿಗೆ ಹದಿಮೂರು, ಮೊಮ್ಮಗಳಿಗೆ ಒಂಬತ್ತು.

ಕಳೆದ ವರ್ಷ ಇಬ್ಬರೂ ಶಾಲೆಯಿಂದ ಪ್ರವಾಸದ ಚೀಟಿ ತಂದರು. ಎರಡು ಚೀಟಿಯ ಮೊತ್ತ ಕೂಡಿದರೆ ಆ ತಿಂಗಳು ಮಗನ ಕೈಗೆ ಎಟುಕುವಂತಿರಲಿಲ್ಲ. ಅವನು ಕೆಲಸ ಮಾಡುವ ಕಡೆ ಎರಡು ತಿಂಗಳಿಂದ ಪೂರ್ತಿ ಸಂಬಳ ಆಗಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗ ತಾನಾಗಿಯೇ, “ಅಪ್ಪಾ, ಪುಟ್ಟೀನ ಕಳ್ಸು. ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ, ನಾನು ಹೋಗಲ್ಲ” ಅಂದ. ಅವನಿಗೆ ಯಾವ ಬಸ್ಸಿನಲ್ಲೂ ವಾಂತಿ ಬಂದದ್ದಿಲ್ಲ. ಮಗ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ.

ಇಡೀ ಜೀವನ ಕ್ಯಾಶ್ ಕೌಂಟರಿನ ಹಿಂದೆ ಕೂತವನಿಗೆ ಕೊರತೆ ಎಲ್ಲಿ ಬಿದ್ದಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗು ಸುಳ್ಳು ಹೇಳಿ ಅಪ್ಪನ ಮಾನ ಉಳಿಸಿತ್ತು. ನಾನು ದುಡ್ಡು ಕೊಡಲು ಹೋದರೆ ಮಗನಿಗೆ ನೋವು, ಮೊಮ್ಮಗನ ಸುಳ್ಳೂ ಬಯಲಾಗುತ್ತದೆ. ಹಾಗಾಗಿ ಸುಮ್ಮನಿದ್ದು, ಬೇಸಿಗೆ ರಜೆ ಬಂದಾಗ ಹೇಳಿದೆ: “ಲೋ, ನಿನಗೆ ಭೂಪಟ ನೋಡೋದು ಗೊತ್ತಲ್ಲ, ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ನಮ್ಮನ್ನ ಬೆಂಗ್ಳೂರು ಸುತ್ತಿಸ್ತೀಯಾ? ಲೆಕ್ಕ ನೀನೇ ಬರೀಬೇಕು.” ಅವನು ಆಗಲೇ ನೋಟ್‌ಬುಕ್ ಹುಡುಕತೊಡಗಿದ.

ಹೊರಟದ್ದು ನಾಲ್ವರು

ಬೆಂಗಳೂರು ನಮಗೆ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಆರೂವರೆಗೆ ಬಿ.ಎಚ್. ರಸ್ತೆಯಲ್ಲಿ ನಿಂತು ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿದೆವು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಅಜ್ಜಿ, ಮೊಮ್ಮಗಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದರು. ಅರವತ್ತು ದಾಟಿದವನೆಂದು ನನಗೆ ಶೇ 25 ರಿಯಾಯಿತಿ. ಪೂರ್ತಿ ದುಡ್ಡು ಕೊಟ್ಟವನು ಮೊಮ್ಮಗ ಒಬ್ಬನೇ. “ತಾತ, ಈ ಮನೇಲಿ ನಾನೊಬ್ನೇ ದುಬಾರಿ” ಎಂದು ನಕ್ಕ.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮಕ್ಕಳಿಗೆ ಹೇಳಿದೆ: ನೀವು ನಿಂತಿರುವುದು ಕೆರೆಯ ಅಂಗಳದಲ್ಲಿ. ಇಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ‘ಮೆಜೆಸ್ಟಿಕ್’ ಎನ್ನುವುದು ಹತ್ತಿರದಲ್ಲಿದ್ದ ಸಿನಿಮಾ ಟಾಕೀಸಿನ ಹೆಸರು. ನಾನು ಹುಡುಗನಾಗಿದ್ದಾಗ ಬೆಂಗಳೂರಿನ ಬಸ್ಸಿಗೆ ಬಿ.ಟಿ.ಎಸ್. ಎಂದು ಹೆಸರು. ‘ಬಿಟ್ಟರೆ ತಿರುಗಿ ಸಿಗದು’ ಎಂದು ನಾವು ಅದನ್ನು ಬಿಡಿಸಿ ಹೇಳುತ್ತಿದ್ದೆವು. 1997ರಲ್ಲಿ ಅದು ಬಿಎಂಟಿಸಿ ಆಯಿತು.

ಮೊದಲ ಬಸ್ಸಿನಲ್ಲೇ ಕಂಡಕ್ಟರ್ ಹತ್ತಿರ ಎರಡು ಪಾಸ್ ತೆಗೆದೆವು. ಗುರುತಿನ ಚೀಟಿ ಕೇಳುತ್ತಾರೆ, ಅಸಲಿಯನ್ನೇ ಇಟ್ಟುಕೊಳ್ಳಿ. ಅಜ್ಜಿ, ಮೊಮ್ಮಗಳಿಗೆ ಇಲ್ಲೂ ಶೂನ್ಯ ಟಿಕೆಟ್. ಆದರೆ ಪ್ರತಿ ಬಸ್ಸಿನಲ್ಲೂ ಹೊಸದಾಗಿ ಪಡೆಯಬೇಕು. “ಯಜಮಾನ್ರೇ, ಪಾಸು ಜೇಬಲ್ಲಿ ಮಡಚಬೇಡಿ, ಅಕ್ಷರ ಅಳಿಸ್ಹೋಗುತ್ತೆ” ಎಂದು ಕಂಡಕ್ಟರ್ ಹೇಳಿದ್ದನ್ನು ಮೊಮ್ಮಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ನಾಯಿಗೆ ನಿಲ್ಲಿಸಿದ ಕಲ್ಲು

ಮೊದಲ ಇಳಿದಾಣ ವಿಧಾನಸೌಧ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಮುಗಿದ ಕಟ್ಟಡ. ಎದುರಿಗೆ ಹೈಕೋರ್ಟಿನ ಕೆಂಪು ಅಠಾರ ಕಚೇರಿ, ಹಿಂದೆ 1870ರಲ್ಲಿ ಶುರುವಾದ ಕಬ್ಬನ್ ಪಾರ್ಕು. ಅಲ್ಲಿಂದ ಕಸ್ತೂರ್‌ಬಾ ರಸ್ತೆಗೆ ನಡೆದೇ ಹೋಗಬಹುದು. ಆದರೆ ನನ್ನಾಕೆಗೆ ಮಂಡಿ ನೋವು. “ಪಾಸಿದೆಯಲ್ಲ ಅಜ್ಜಿ, ಒಂದು ಸ್ಟಾಪಿಗೂ ಬಸ್ಸು ಹತ್ತಬಹುದು” ಎಂದ ಮೊಮ್ಮಗ. ಪಾಸಿನ ಗುಣ ಇದು. ಟಿಕೆಟ್ ದಂಡವಾಯಿತಲ್ಲ ಎಂಬ ಕೊರಗಿಲ್ಲದೆ ಕಾಲಿಗೆ ವಿಶ್ರಾಂತಿ ಕೊಡಬಹುದು.

ಕಸ್ತೂರ್‌ಬಾ ರಸ್ತೆಯಲ್ಲಿ ಅಕ್ಕಪಕ್ಕ ಎರಡು ವಸ್ತುಸಂಗ್ರಹಾಲಯಗಳಿವೆ. ಮಕ್ಕಳು ಮೊದಲು ಓಡುವುದು ವಿಶ್ವೇಶ್ವರಯ್ಯ ಮ್ಯೂಸಿಯಂಗೆ. 1962ರಲ್ಲಿ ನೆಹರೂ ಅವರು ಉದ್ಘಾಟಿಸಿದ್ದು. ರೈಟ್ ಸಹೋದರರ ವಿಮಾನದ ಮಾದರಿ, ಡೈನೋಸಾರ್, ಗುಂಡಿ ಒತ್ತಿದರೆ ತಿರುಗುವ ಯಂತ್ರಗಳು. ಒಂದೂವರೆ ಗಂಟೆಯಾದರೂ ಇಬ್ಬರೂ ಹೊರಗೆ ಬರಲಿಲ್ಲ. ಹೊರಗೆ ಯಾವ ಬಸ್ಸೂ ಹಾರ್ನ್ ಹೊಡೆಯಲಿಲ್ಲ.

ಪಕ್ಕದ ಕೆಂಪು ಕಟ್ಟಡ ಸರ್ಕಾರಿ ವಸ್ತುಸಂಗ್ರಹಾಲಯ, 1865ರಲ್ಲಿ ಆರಂಭವಾದದ್ದು. ಅಲ್ಲಿರುವ ಆತಕೂರು ಶಾಸನವನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಚಿನ್ನವನ್ನಲ್ಲ, ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಒಂದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವವನಿಗೆ ಪಾಪ ತಗಲುತ್ತದೆಂದು ಬರೆಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರು ನಿಂತಿರುವುದು ಇವತ್ತಿಗೂ ಕಾಣುತ್ತದೆ.

ಮೊಮ್ಮಗಳು, “ತಾತ, ರಾಜನ ಹತ್ರ ಏನು ಬೇಕಾದ್ರೂ ಕೇಳಬಹುದಿತ್ತಲ್ವಾ, ಬರೀ ನಾಯಿ ಯಾಕೆ ಕೇಳ್ದ?” ಎಂದಳು. ನಾನು ಉತ್ತರ ಹುಡುಕುವ ಮೊದಲೇ ಅಣ್ಣ ಹೇಳಿದ: “ಅವನಿಗೆ ಅದೇ ಇಷ್ಟ ಇತ್ತು ಪುಟ್ಟಿ. ಜಾಸ್ತಿ ಕೇಳ್ಬಾರ್ದು ಅಂತ ಏನಿಲ್ಲ, ಅವನು ಇಷ್ಟ ಆದದ್ದು ಕೇಳ್ದ.” ನನ್ನಾಕೆ ನನ್ನ ಮುಖ ನೋಡಿದಳು.

ಮಾರ್ಕೆಟ್ಟಿನಿಂದ ಲಾಲ್‌ಬಾಗಿಗೆ

ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ಪಾರ್ಕಿನ ಮರದ ಕೆಳಗೆ ಮುಗಿಯಿತು. ಮೂರನೇ ಬಸ್ಸು ಕೆ.ಆರ್. ಮಾರ್ಕೆಟ್ಟಿಗೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದು ಬೀದಿದೀಪ ಉರಿಯಿತು. ಹೂವಿನ ರಾಶಿ ನೋಡಿಕೊಂಡು ಹೆಜ್ಜೆ ಹಾಕಿದರೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರುಮಾಡಿ, ಟಿಪ್ಪು 1791ರಲ್ಲಿ ಮುಗಿಸಿದ, ತೇಗದ ಕಂಬಗಳ ಅರಮನೆ. ಪುರಾತತ್ವ ಇಲಾಖೆಯ ಈ ಸ್ಮಾರಕದಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಇಲ್ಲಿ ಮೊಮ್ಮಗನೂ ಶೂನ್ಯದ ಪಟ್ಟಿಗೆ ಸೇರಿದ.

ನಾಲ್ಕನೇ ಬಸ್ಸು ಬಸವನಗುಡಿಗೆ. ದೊಡ್ಡ ಬಸವನ ಗುಡಿಯಲ್ಲಿ ಏಕಶಿಲೆಯ ಬಸವಣ್ಣನನ್ನು ನೋಡಿ, ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ನಡೆಯುವ ಕಡಲೆಕಾಯಿ ಪರಿಷೆಯ ಕಥೆ ಹೇಳಿದೆ. ಕಡಲೆಕಾಯಿ ಬೆಳೆಯುವ ನಮ್ಮ ಜಿಲ್ಲೆಯ ಮಕ್ಕಳಿಗೆ ಅದನ್ನು ವಿವರಿಸುವುದು ಸುಲಭ. ಐದನೇ ಬಸ್ಸು ಲಾಲ್‌ಬಾಗಿಗೆ. 240 ಎಕರೆ ತೋಟ, 1889ರ ಗಾಜಿನ ಮನೆ. ಅದಕ್ಕಿಂತ ದೊಡ್ಡ ಸೋಜಿಗ ಅಲ್ಲಿನ ಬಂಡೆ. ಭೂವಿಜ್ಞಾನಿಗಳ ಪ್ರಕಾರ ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕೂತು ನನ್ನಾಕೆ, “ನನ್ನ ಮಂಡಿಗಿಂತ ಇದು ಗಟ್ಟಿಯಾಗಿದೆ ರೀ” ಅಂದಳು.

ಆರನೇ ಬಸ್ಸು ಮೆಜೆಸ್ಟಿಕ್‌ಗೆ, ಏಳನೆಯದು ಯಶವಂತಪುರಕ್ಕೆ. ಸಂಜೆ ಹೊತ್ತು ಗೊರಗುಂಟೆಪಾಳ್ಯ, ನೆಲಮಂಗಲದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಬದಲು ರೈಲೇ ವಾಸಿ. ರೈಲಿನಲ್ಲಿ ನಾಲ್ವರೂ ಟಿಕೆಟ್ ತೆಗೆಯಬೇಕು. ಆದರೂ ಸಾಮಾನ್ಯ ಬೋಗಿಯ ದರ ಹೊರೆಯೇನಲ್ಲ.

ಜಮಾ-ಖರ್ಚು

ರೈಲಿನಲ್ಲಿ ಮೊಮ್ಮಗ ಲೆಕ್ಕ ಒಪ್ಪಿಸಿದ. ಬೆಂಗಳೂರಿನೊಳಗೆ ಏಳು ಬಸ್ಸು, ನಾಲ್ಕು ಜನ, ಒಟ್ಟು ಖರ್ಚು 160 ರೂಪಾಯಿ. ಪಾಸ್ ಇಲ್ಲದೆ ಬಿಡಿ ಟಿಕೆಟ್ ತೆಗೆದಿದ್ದರೆ ಒಬ್ಬರಿಗೆ ತೊಂಬತ್ತು ದಾಟುತ್ತಿತ್ತು ಎಂದು ಕಂಡಕ್ಟರುಗಳನ್ನು ಕೇಳಿ ಬರೆದುಕೊಂಡಿದ್ದ. ಅಂದರೆ ಪಾಸಿನಿಂದ ಆದ ಉಳಿತಾಯ ದೊಡ್ಡದಲ್ಲ. ಇದನ್ನು ಓದುಗರೂ ಗಮನಿಸಬೇಕು. ಸಾಮಾನ್ಯ ಬಸ್ಸಿನ ಕನಿಷ್ಠ ದರ ಈಗ 6 ರೂಪಾಯಿ. ಹತ್ತಿರ ಹತ್ತಿರದ ಎರಡು ಮೂರು ಕಡೆ ಮಾತ್ರ ಹೋಗುವವರಿಗೆ ಪಾಸ್ ನಷ್ಟ. ಒಂದು ಪ್ರಯಾಣಕ್ಕೆ 18 ರೂಪಾಯಿಯಂತೆ ಹಿಡಿದರೆ ನಾಲ್ಕು ಬಸ್ಸಿಗೆ 72, ಐದಕ್ಕೆ 90. ಐದನೇ ಬಸ್ಸಿನಿಂದ ಲಾಭ ಶುರು. ಇಷ್ಟು ಗುಣಾಕಾರ ಮಾಡಿಕೊಂಡು ಹೊರಡಿ.

ಮ್ಯೂಸಿಯಂ ಟಿಕೆಟ್, ಕಾಫಿ, ಮಕ್ಕಳ ಐಸ್‌ಕ್ರೀಮ್, ತುಮಕೂರಿನಿಂದ ಹೋಗಿ ಬರುವ ಖರ್ಚು ಎಲ್ಲ ಸೇರಿಸಿದರೂ ನಾಲ್ವರ ಮೊತ್ತ ಶಾಲೆಯ ಒಂದು ಚೀಟಿಯ ಮೊತ್ತವನ್ನು ಮುಟ್ಟಲಿಲ್ಲ. ಮೊಮ್ಮಗ ಮೊತ್ತದ ಕೆಳಗೆ ಎರಡು ಗೆರೆ ಎಳೆದ. ಹಾಗೆ ಎಳೆಯುವುದನ್ನು ನಾನೇ ಕಲಿಸಿದ್ದು. ಮನೆಗೆ ಬಂದ ಮೇಲೆ ಆ ಪುಟವನ್ನು ಅಪ್ಪನಿಗೆ ತೋರಿಸಿ, “ಅಪ್ಪಾ, ಇಷ್ಟೇ ಆಗೋದು. ದಸರಾ ರಜೇಲಿ ನಿನ್ನನ್ನೂ ಅಮ್ಮನ್ನೂ ನಾನೇ ಕರ್ಕೊಂಡು ಹೋಗ್ತೀನಿ” ಅಂದ. ವಾಂತಿಯ ಮಾತು ಯಾರೂ ಎತ್ತಲಿಲ್ಲ. ಮಗ ಆ ಪುಟವನ್ನು ಬಹಳ ಹೊತ್ತು ನೋಡಿದ.

ಹೊರಡುವ ಮುನ್ನ

ಸೋಮವಾರ ಬೇಡ. ಸರ್ಕಾರಿ ವಸ್ತುಸಂಗ್ರಹಾಲಯ, ತಾರಾಲಯಗಳಿಗೆ ಅಂದು ರಜೆ. ಹೋಗುವ ಮುನ್ನ ಬಾಗಿಲು ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಸಾಮಾನ್ಯ ದಿನದ ಪಾಸ್ ಹವಾನಿಯಂತ್ರಿತ ವಜ್ರ ಬಸ್ಸಿಗೂ, ವಿಮಾನ ನಿಲ್ದಾಣದ ವಾಯುವಜ್ರಕ್ಕೂ ನಡೆಯುವುದಿಲ್ಲ. ವಜ್ರಕ್ಕೆ ಬೇರೆ ಪಾಸ್ ಇದೆ.

ಮೊಬೈಲ್ ಬಳಸುವವರಿಗೆ ‘ಟುಮ್ಮಾಕ್’ ಆ್ಯಪ್‌ನಲ್ಲೂ ಪಾಸ್ ಸಿಗುತ್ತದೆ. ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಎಂದು ನೋಡಬಹುದು. ಈ ಕೆಲಸ ಮಕ್ಕಳಿಗೆ ಬಿಡಿ.

ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳು ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಹೊತ್ತಿನಲ್ಲಿ ಪಾರ್ಕಿನಲ್ಲೋ ಮ್ಯೂಸಿಯಂನಲ್ಲೋ ಇರುವಂತೆ ದಿನವನ್ನು ಹೊಂದಿಸಿಕೊಳ್ಳಿ. ಒಂದು ದಿನಕ್ಕೆ ಐದು ಸ್ಥಳ ಸಾಕು. ಪ್ರತಿ ಮಗುವಿನ ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದ ಚೀಟಿ ಇರಲಿ.

ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ತುಮಕೂರಿನಿಂದ ಬಸ್ಸಿನಲ್ಲೇ ಒಂದು ದಿನ ಗೂಳೂರಿನ ದೊಡ್ಡ ಗಣಪನ ಊರು, ಜಕಣಾಚಾರಿಯ ಕಥೆಯ ಕೈದಾಳ ನೋಡಿ ಕುಣಿಗಲ್ ಕೆರೆಯ ಏರಿಯವರೆಗೆ ಹೋಗಿ ಬರಬಹುದು. ಇನ್ನೊಂದು ದಿನ ರಂಗಭೂಮಿಯ ವೀರಣ್ಣನವರ ಗುಬ್ಬಿಗೆ ಹೋಗಬಹುದು. ನಮ್ಮ ಮನೆಯ ನೋಟ್‌ಬುಕ್ಕಿನಲ್ಲಿ ಈ ಎರಡಕ್ಕೂ ಪುಟ ಬಿಟ್ಟಿದೆ. ತಾರೀಖು ಮೊಮ್ಮಗನೇ ಗೊತ್ತುಮಾಡಬೇಕು.