ಸದ್ದಿಲ್ಲದ ಕಂಪ್ಯೂಟರ್‌ಗೆ ಯಾವ ಕೂಲರ್? ಕೊಡಗಿನ ವಿದ್ಯಾರ್ಥಿಗಳಿಗೊಂದು ಲೆಕ್ಕ



ಪಿಯುಸಿ ಮುಗಿಸಿ ಇಂಜಿನಿಯರಿಂಗ್, ಬಿಸಿಎ, ಆ್ಯನಿಮೇಷನ್ ಎಂದು ಹೊರಡುವ ನಿಮ್ಮಲ್ಲಿ ಹಲವರು ಮನೆಯಲ್ಲೊಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳುವ ಯೋಚನೆಯಲ್ಲಿದ್ದೀರಿ. ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಯಾವುದೆಂದು ಬೇಗ ತೀರ್ಮಾನವಾಗುತ್ತದೆ. ಆಮೇಲೆ ಕೂಲರ್‌ನ ಪ್ರಶ್ನೆ ಬರುತ್ತದೆ. ಅಂಗಡಿಯವರು ಬಣ್ಣದ ದೀಪಗಳಿರುವ ಲಿಕ್ವಿಡ್ ಕೂಲರ್ ತೋರಿಸಿ, "ಇದಾದರೆ ಸದ್ದೇ ಇರುವುದಿಲ್ಲ" ಎನ್ನುತ್ತಾರೆ. ಸಾಮಾನ್ಯ ಫ್ಯಾನ್ ಕೂಲರ್‌ಗಿಂತ ಅದರ ಬೆಲೆ ಎರಡು, ಮೂರು ಪಟ್ಟು ಹೆಚ್ಚು. ಆ ಹಣ ಮನೆಯವರ ದುಡಿಮೆಯದು. ಆದ್ದರಿಂದ ಕೊಡುವ ಮೊದಲು ಲೆಕ್ಕ ಹಾಕುವುದು ನಮ್ಮ ಕರ್ತವ್ಯ.

ಸದ್ದಿನ ವಿಷಯವೂ ಸಣ್ಣದಲ್ಲ. ನಮ್ಮ ಹೆಚ್ಚಿನ ಮನೆಗಳಲ್ಲಿ ಓದಲು ಬೇರೆ ಕೋಣೆ ಇರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ನೀವು ಕೋಡಿಂಗ್ ಮಾಡುತ್ತಿದ್ದರೆ ಪಕ್ಕದಲ್ಲೇ ತಮ್ಮ-ತಂಗಿಯರು ಮಲಗಿರುತ್ತಾರೆ. ಸುಬಹಿಗೆ ಏಳಬೇಕಾದ ಉಮ್ಮ ಗೋಡೆಯಾಚೆ ಮಲಗಿರುತ್ತಾರೆ. ಮಂಗಳೂರಿನ ಮನೆಯಲ್ಲಾದರೆ ಸೀಲಿಂಗ್ ಫ್ಯಾನಿನ ಸದ್ದು ಕಂಪ್ಯೂಟರಿನ ಸದ್ದನ್ನು ಮುಚ್ಚಿಬಿಡುತ್ತದೆ. ಮಡಿಕೇರಿಯ ಎಷ್ಟೋ ಮನೆಗಳಲ್ಲಿ ಸೀಲಿಂಗ್ ಫ್ಯಾನೇ ಇಲ್ಲ. ಜೂನ್, ಜುಲೈಯಲ್ಲಿ ತಗಡಿನ ಮೇಲೆ ಸುರಿಯುವ ಮಳೆಯಲ್ಲಿ ಏನೂ ಕೇಳಿಸದು. ಆದರೆ ಡಿಸೆಂಬರ್, ಜನವರಿಯ ರಾತ್ರಿಯಲ್ಲಿ ಸಣ್ಣ ಗುಂಯ್ ಎಂಬ ಸದ್ದೂ ಮನೆಯಿಡೀ ಕೇಳಿಸುತ್ತದೆ.

ಬಿಸಿ ಎಲ್ಲಿಗೆ ಹೋಗುತ್ತದೆ?

ಪ್ರೊಸೆಸರ್ ಬಳಸುವ ವಿದ್ಯುತ್ ಕೊನೆಗೆ ಬಿಸಿಯಾಗಿ ಹೊರಬರುತ್ತದೆ. 100 ವಾಟ್ ಒಳಗೆ ಹೋದರೆ 100 ವಾಟ್ ಬಿಸಿಯನ್ನು ಹೊರಗೆ ಸಾಗಿಸಲೇಬೇಕು. ಸಾಗಿಸದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಇಂಟೆಲ್‌ನ ಹಲವು ಪ್ರೊಸೆಸರ್‌ಗಳಿಗೆ ಈ ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಜನ್ 7000 ಸರಣಿಯ ಹೆಚ್ಚಿನವಕ್ಕೆ 95 ಡಿಗ್ರಿ.

ಗಾಳಿ ಕೂಲರ್‌ನಲ್ಲಿ ತಾಮ್ರದ ಕೊಳವೆಗಳು, ಅಲ್ಯೂಮಿನಿಯಂ ರೆಕ್ಕೆಗಳು ಮತ್ತು ಒಂದು ಫ್ಯಾನ್ ಇರುತ್ತವೆ. ಆ ತಾಮ್ರದ ಕೊಳವೆಯೊಳಗೂ ತುಸು ದ್ರವ ಇರುತ್ತದೆ. ಬಿಸಿಯಾದ ತುದಿಯಲ್ಲಿ ಅದು ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗುತ್ತದೆ. ಪಂಪ್ ಬೇಕಿಲ್ಲ.

ಆಲ್-ಇನ್-ಒನ್ ಲಿಕ್ವಿಡ್ ಕೂಲರ್ ಅಂದರೆ ಎಐಒದಲ್ಲಿ ಪ್ರೊಸೆಸರ್ ಮೇಲೆ ತಾಮ್ರದ ತಟ್ಟೆ, ಪಂಪ್, ಎರಡು ರಬ್ಬರ್ ಕೊಳವೆ, ರೇಡಿಯೇಟರ್ ಮತ್ತು ಅದರ ಫ್ಯಾನ್‌ಗಳು ಇರುತ್ತವೆ. ದ್ರವವನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ಸಾಮಾನ್ಯವಾಗಿ ಅದು ನೀರು ಮತ್ತು ಗ್ಲೈಕಾಲ್‌ನ ಮಿಶ್ರಣ.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ ವಿಶಿಷ್ಟ ಉಷ್ಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದ್ದು, ಪ್ರೊಸೆಸರ್ 150 ವಾಟ್ ಬಿಸಿ ಕೊಟ್ಟರೆ, ಒಂದು ಸುತ್ತಿನಲ್ಲಿ ನೀರು ಬಿಸಿಯಾಗುವುದು ಬರೀ ಎರಡು ಡಿಗ್ರಿಯಷ್ಟು. ಗಾತ್ರ ಒಂದೇ ಆದರೆ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಶಾಖ ಹಿಡಿಯುತ್ತದೆ. ನೀರಿನ ಲಾಭ ಇದೇ. ಆದರೆ ನೀರು ಬಿಸಿಯನ್ನು ನುಂಗಿಬಿಡುವುದಿಲ್ಲ, ಪ್ರೊಸೆಸರ್‌ನಿಂದ ರೇಡಿಯೇಟರ್‌ಗೆ ಹೊತ್ತು ತರುತ್ತದೆ ಅಷ್ಟೆ. ಅಲ್ಲಿಂದ ಅದನ್ನು ಕೋಣೆಯ ಗಾಳಿಗೆ ಸೇರಿಸುವುದು ಕೊನೆಗೂ ಫ್ಯಾನೇ. ಆದ್ದರಿಂದ "ನೀರಿನ ಕೂಲರ್‌ಗೆ ಸದ್ದಿಲ್ಲ" ಎಂಬ ಮಾತು ಪೂರ್ತಿ ನಿಜವಲ್ಲ. ಅದರಲ್ಲಿ ಫ್ಯಾನೂ ಇದೆ, ಜೊತೆಗೆ ಪಂಪೂ ಇದೆ.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಇದು ಲಾಗರಿದಮ್ ಅಳತೆ. 10 ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ಕೇಳುತ್ತದೆ. ಒಂದೇ ಬಗೆಯ ಎರಡು ಫ್ಯಾನ್ ಒಟ್ಟಿಗೆ ತಿರುಗಿದರೆ ಏರುವುದು 3 ಡೆಸಿಬಲ್ ಮಾತ್ರ. ಆದರೆ ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಇದು ಫ್ಯಾನ್ ತಯಾರಕರು ಬಳಸುವ ಸ್ಥೂಲ ಸೂತ್ರ.

ಇದರಿಂದ ಒಂದು ಮುಖ್ಯ ಪಾಠ ಸಿಗುತ್ತದೆ. ಒಂದು ಫ್ಯಾನ್ ನಿಮಿಷಕ್ಕೆ 1,500 ಸುತ್ತು ತಿರುಗುವುದರ ಬದಲು ಅಂಥವೇ ಮೂರು ಫ್ಯಾನ್ 500 ಸುತ್ತಿನಲ್ಲಿ ತಿರುಗಿದರೆ ತಳ್ಳುವ ಗಾಳಿ ಹೆಚ್ಚು ಕಡಿಮೆ ಅಷ್ಟೇ. ಸದ್ದು ಮಾತ್ರ ಸುಮಾರು 19 ಡೆಸಿಬಲ್ ಕಡಿಮೆ. ಮೌನಕ್ಕೆ ಬೇಕಾದದ್ದು ದೊಡ್ಡ ಮೈ ಮತ್ತು ನಿಧಾನ ಫ್ಯಾನ್. ದೊಡ್ಡ ಎಐಒ ಕಡಿಮೆ ಸದ್ದು ಮಾಡುವುದಕ್ಕೂ ಕಾರಣ ಇದೇ.

ಈಗ ಅಳತೆಗಳನ್ನು ನೋಡಿ. 240 ಎಂದರೆ 120 ಮಿ.ಮೀ.ನ ಎರಡು ಫ್ಯಾನ್, 280 ಎಂದರೆ 140ರ ಎರಡು, 360 ಎಂದರೆ 120ರ ಮೂರು. ಮುಖದ ವಿಸ್ತೀರ್ಣ ಕ್ರಮವಾಗಿ 288, 392 ಮತ್ತು 432 ಚದರ ಸೆಂಟಿಮೀಟರ್. ಹೆಸರಿನಲ್ಲಿ 240ಕ್ಕೂ 280ಕ್ಕೂ ವ್ಯತ್ಯಾಸ ಕಡಿಮೆ ಎನಿಸಿದರೂ ವಿಸ್ತೀರ್ಣದಲ್ಲಿ 36 ಶೇಕಡಾ ಹೆಚ್ಚು. ಕ್ಯಾಬಿನೆಟ್‌ಗೆ ಹಿಡಿಸುವುದಾದರೆ 280 ಒಳ್ಳೆಯ ಆಯ್ಕೆ. ಒಂದೇ ಫ್ಯಾನಿನ 120 ಎಐಒ ಮಾತ್ರ ಬೇಡ. ಅದೇ ಹಣಕ್ಕೆ ಅದಕ್ಕಿಂತ ಮೌನವಾದ ಗಾಳಿ ಕೂಲರ್ ಬರುತ್ತದೆ.

ಪಂಪಿನ ಸದ್ದು ಬೇರೆ ಬಗೆಯದು. ಫ್ಯಾನಿನದು ಗಾಳಿ ಬೀಸಿದಂಥ ಸದ್ದು, ಕಿವಿ ಬೇಗ ಒಗ್ಗಿಕೊಳ್ಳುತ್ತದೆ. ಪಂಪಿನದು ಸಣ್ಣದಾದರೂ ಒಂದೇ ಶ್ರುತಿಯ ಗುಂಯ್‌ಗುಡುವಿಕೆ, ಮಲಗಿದವರನ್ನು ಕಾಡುವುದು ಅದೇ. ಎಐಒ ಕೊಳ್ಳುವಾಗ ಪಂಪಿನ ವೇಗ ಇಳಿಸಲು ಬರುತ್ತದೆಯೇ ಎಂದು ಮೊದಲು ಕೇಳಬೇಕು.

ಕೊಡಗಿನ ಹವೆಯೇ ಅರ್ಧ ಕೂಲರ್

ಕೂಲರ್ ಯಾವುದೇ ಇರಲಿ, ಪ್ರೊಸೆಸರ್‌ನ ಬಿಸಿ ಎಂದರೆ ಕೋಣೆಯ ಉಷ್ಣತೆ ಮತ್ತು ಅದರ ಮೇಲಿನ ಏರಿಕೆ ಎರಡೂ ಸೇರಿದ್ದು. ಏರಿಕೆ 50 ಡಿಗ್ರಿ ಎಂದಿಟ್ಟುಕೊಳ್ಳಿ. 32 ಡಿಗ್ರಿಯ ಮಂಗಳೂರಿನ ಕೋಣೆಯಲ್ಲಿ ಪ್ರೊಸೆಸರ್ 82ಕ್ಕೆ ಹೋಗುತ್ತದೆ. 20 ಡಿಗ್ರಿಯ ಮಡಿಕೇರಿಯ ಕೋಣೆಯಲ್ಲಿ ಅದೇ ಯಂತ್ರ 70ರಲ್ಲಿ ನಿಲ್ಲುತ್ತದೆ. ಈ 12 ಡಿಗ್ರಿ ನಮಗೆ ಪುಕ್ಕಟೆ ಸಿಕ್ಕಿದ್ದು. ಅದನ್ನು ಫ್ಯಾನಿನ ವೇಗ ಇಳಿಸಲು ಬಳಸಿಕೊಳ್ಳಬಹುದು. ಕುಶಾಲನಗರದ ಕಡೆ ಬೇಸಿಗೆ ಸ್ವಲ್ಪ ಜೋರು, ಅಲ್ಲಿ ಈ ಲಾಭ ಕಡಿಮೆ.

ಎತ್ತರದಿಂದ ಒಂದು ಸಣ್ಣ ನಷ್ಟವೂ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು 10 ಶೇಕಡಾ ಕಡಿಮೆ, ಅಷ್ಟರಮಟ್ಟಿಗೆ ಫ್ಯಾನ್ ಸಾಗಿಸುವ ಬಿಸಿಯೂ ಕಡಿಮೆ. ತಂಪಿನ ಲಾಭದ ಮುಂದೆ ಈ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ.

ಮಳೆಗಾಲದ ಭಯವೊಂದನ್ನು ಹಲವರು ಹೇಳುತ್ತಾರೆ. ತಣ್ಣೀರಿನ ಲೋಟ ಬೆವರುವ ಹಾಗೆ ಲಿಕ್ವಿಡ್ ಕೂಲರ್ ಕೂಡ ಬೆವರಿ ಮದರ್‌ಬೋರ್ಡ್ ಸುಟ್ಟುಹೋಗುವುದಿಲ್ಲವೇ ಎಂದು. ಇಲ್ಲ. ಒಂದು ಮೈ ಬೆವರಬೇಕಾದರೆ ಅದು ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿರಬೇಕು. ಇಬ್ಬನಿ ಬಿಂದು ಎಂದೂ ಗಾಳಿಯ ಉಷ್ಣತೆಗಿಂತ ಮೇಲಿರುವುದಿಲ್ಲ. ಎಐಒದಲ್ಲಿ ಫ್ರಿಜ್‌ನಂತೆ ಕಂಪ್ರೆಸರ್ ಇಲ್ಲ, ಕೋಣೆಗಿಂತ ತಣ್ಣಗೆ ಮಾಡುವ ಶಕ್ತಿಯೇ ಅದಕ್ಕಿಲ್ಲ. ಓಡುತ್ತಿರುವಾಗ ಅದರ ದ್ರವ ಸದಾ ಕೋಣೆಗಿಂತ ಬೆಚ್ಚಗೇ ಇರುತ್ತದೆ. ಆದ್ದರಿಂದ ಬೆವರುವ ಪ್ರಶ್ನೆಯೇ ಇಲ್ಲ.

ನಮ್ಮ ಮಳೆಗಾಲದಲ್ಲಿ ಕಂಪ್ಯೂಟರ್‌ಗೆ ನಿಜವಾದ ಅಪಾಯ ಅದನ್ನು ವಾರಗಟ್ಟಲೆ ಆರಿಸಿಡುವುದರಿಂದ. ಒದ್ದೆ ಗೋಡೆಗೆ ತಾಗಿಸಿ, ನೆಲದ ಮೇಲೆ ಇಟ್ಟ ಯಂತ್ರದೊಳಗೆ ತೇವ ಸೇರಿ ತುಕ್ಕು, ಬೂಸಲು ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ ಇಡಿ.

ಯಾರಿಗೆ ಬೇಕು, ಯಾರಿಗೆ ಬೇಡ?

ಇಂಟೆಲ್ ಕೋರ್ ಐ5-12400, ಎಎಂಡಿ ರೈಜನ್ 5 5600 ಇಂಥವು 65 ವಾಟ್ ವರ್ಗದವು. ಪೂರ್ತಿ ಹೊರೆ ಬಿದ್ದಾಗ ಐ5-12400 ಹೆಚ್ಚೆಂದರೆ 117 ವಾಟ್‌ವರೆಗೆ ಹೋಗಬಹುದು. ಆನ್‌ಲೈನ್ ತರಗತಿ, ಪೈಥಾನ್, ಟ್ಯಾಲಿ, ಪಿಪಿಟಿ, ಸಾಧಾರಣ ವಿಡಿಯೊ ಎಡಿಟಿಂಗ್‌ಗೆ ಇವು ಧಾರಾಳ ಸಾಕು. ಇವುಗಳಿಗೆ 120 ಮಿ.ಮೀ. ಫ್ಯಾನಿನ ನಾಲ್ಕು ತಾಮ್ರದ ಕೊಳವೆಯ ಗಾಳಿ ಕೂಲರ್ ಹಾಕಿ, ಫ್ಯಾನ್ ನಿಧಾನಕ್ಕೆ ಇಟ್ಟರೆ ಕೊಡಗಿನ ಹವೆಯಲ್ಲಿ ಸದ್ದು ಕೇಳಿಸುವುದೇ ಕಷ್ಟ. ಎಐಒಗೆ ಕೊಡುವ ಹೆಚ್ಚುವರಿ ಹಣವನ್ನು ರ್‍ಯಾಮ್‌ಗೋ ಒಳ್ಳೆಯ ಯುಪಿಎಸ್‌ಗೋ ಹಾಕಿ. ಮಳೆಗಾಲದ ಕರೆಂಟಿನ ಅವಸ್ಥೆ ನಿಮಗೇ ಗೊತ್ತು.

ಐ7-14700ಕೆ 253 ವಾಟ್‌ವರೆಗೆ, ರೈಜನ್ 9 7950ಎಕ್ಸ್ 230 ವಾಟ್‌ವರೆಗೆ ಎಳೆಯಬಲ್ಲವು. ಗಂಟೆಗಟ್ಟಲೆ ಬ್ಲೆಂಡರ್ ರೆಂಡರಿಂಗ್, ಮದುವೆಯ 4ಕೆ ವಿಡಿಯೊ ಎಡಿಟಿಂಗ್ ಮಾಡಿ ಸಂಪಾದಿಸುವವರು ಇಂಥವನ್ನು ಕೊಂಡರೆ 280 ಅಥವಾ 360 ಎಐಒಗೆ ಅರ್ಥವಿದೆ. ಇವೆರಡರ ನಡುವಿನವರಿಗೆ ಎರಡು ಫ್ಯಾನಿನ ದೊಡ್ಡ ಗಾಳಿ ಕೂಲರ್ ಸಾಕು.

ಇನ್ನೊಂದು ಮಾತು ನೆನಪಿಡಿ. ಗಾಳಿ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ. ಕೆಟ್ಟರೆ ಕೆಲವು ನೂರು ರೂಪಾಯಿಗೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಬೇರೆ ಸಿಗುತ್ತದೆ. ಎಐಒದ ಪಂಪ್ ಕೆಟ್ಟರೆ ಇಡೀ ಕೂಲರನ್ನೇ ಬದಲಿಸಬೇಕು. ರಬ್ಬರ್ ಕೊಳವೆಯ ಮೂಲಕ ದ್ರವವೂ ವರ್ಷಗಳಲ್ಲಿ ನಿಧಾನವಾಗಿ ಆವಿಯಾಗಿ ಕಡಿಮೆಯಾಗುತ್ತದೆ. ಸೋರುವುದು ಅಪರೂಪ, ಆದರೆ ಆಗುವುದೇ ಇಲ್ಲ ಎನ್ನುವಂತಿಲ್ಲ. ವಾರಂಟಿಗೆಂದು ಬೆಂಗಳೂರಿಗೆ ಕೊರಿಯರ್ ಮಾಡಿ ಕಾಯುವಷ್ಟು ದಿನ ಕಂಪ್ಯೂಟರ್ ಇರುವುದಿಲ್ಲ. ಪರೀಕ್ಷೆ, ಪ್ರಾಜೆಕ್ಟಿನ ಸಮಯದಲ್ಲಿ ಇದು ದೊಡ್ಡ ತೊಂದರೆ.

ಎಐಒ ಕೊಳ್ಳುವುದಾದರೆ ನೋಡಬೇಕಾದ್ದು

1. ನಿಮ್ಮ ಮದರ್‌ಬೋರ್ಡಿನ ಸಾಕೆಟ್‌ಗೆ (ಎಲ್‌ಜಿಎ 1700, ಎಎಂ4, ಎಎಂ5 ಇತ್ಯಾದಿ) ಹೊಂದುವ ಕ್ಲಿಪ್ ಡಬ್ಬಿಯಲ್ಲಿದೆಯೇ?
2. ಕ್ಯಾಬಿನೆಟ್‌ನಲ್ಲಿ ಆ ಅಳತೆಯ ರೇಡಿಯೇಟರ್ ಮೇಲ್ಭಾಗದಲ್ಲೋ ಮುಂಭಾಗದಲ್ಲೋ ಹಿಡಿಸುತ್ತದೆಯೇ? ಫ್ಯಾನ್ ಸೇರಿ ದಪ್ಪ ಎಷ್ಟು, ರ್‍ಯಾಮ್‌ಗೆ ತಾಗುತ್ತದೆಯೇ?
3. ವಾರಂಟಿ ಎಷ್ಟು ವರ್ಷ? ಸೋರಿ ಬೇರೆ ಭಾಗ ಹಾಳಾದರೆ ಅದಕ್ಕೂ ಅನ್ವಯಿಸುತ್ತದೆಯೇ? ಬಿಲ್ ಕೇಳಿ ಪಡೆಯಿರಿ.
4. ಫ್ಯಾನ್ ಎಷ್ಟು ಕಡಿಮೆ ವೇಗಕ್ಕೆ ಇಳಿಯುತ್ತದೆ? ಡಬ್ಬಿಯ ಮೇಲಿನ ಗರಿಷ್ಠ ವೇಗಕ್ಕಿಂತ ಕನಿಷ್ಠ ವೇಗ ನಮಗೆ ಮುಖ್ಯ.
5. ದ್ರವದ ಉಷ್ಣತೆ ತಿಳಿಸುವ ಸೆನ್ಸರ್ ಇದೆಯೇ? ಇದ್ದರೆ ಫ್ಯಾನನ್ನು ಅದಕ್ಕೇ ಕಟ್ಟಬಹುದು. ಪ್ರೊಸೆಸರ್ ಕ್ಷಣಕ್ಷಣಕ್ಕೂ ಬಿಸಿಯಾಗಿ ಆರುತ್ತದೆ, ದ್ರವ ಹಾಗಲ್ಲ. ಆಗ ಫ್ಯಾನ್ ಪದೇ ಪದೇ ಏರಿಳಿಯುವುದು ನಿಲ್ಲುತ್ತದೆ.

ದೀಪದ ಬಣ್ಣ, ಪಂಪಿನ ಮೇಲಿನ ಪುಟ್ಟ ಪರದೆ ಇವುಗಳಿಂದ ಒಂದು ಡಿಗ್ರಿಯೂ ಇಳಿಯುವುದಿಲ್ಲ.

ಕೂರಿಸುವಾಗ

ತಾಮ್ರದ ತಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯಬೇಡಿ. ರೇಡಿಯೇಟರನ್ನು ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿ ಕೂರಿಸುವುದು ಉತ್ತಮ. ಮುಂಭಾಗವಾದರೆ ರೇಡಿಯೇಟರ್‌ನ ಮೇಲಂಚು ಪಂಪಿಗಿಂತ ಎತ್ತರವಿರಲಿ, ಸಾಧ್ಯವಾದರೆ ಕೊಳವೆಗಳು ಕೆಳಗೆ ಬರಲಿ. ಒಳಗಿರುವ ತುಸು ಗಾಳಿ ಸದಾ ಎತ್ತರದ ಜಾಗ ಹುಡುಕುತ್ತದೆ. ಪಂಪೇ ಎತ್ತರದಲ್ಲಿದ್ದರೆ ಗಾಳಿ ಅಲ್ಲಿ ಸೇರಿ ಗುಳುಗುಳು ಸದ್ದು ಬರುತ್ತದೆ, ಪಂಪಿನ ಆಯುಷ್ಯವೂ ಕುಗ್ಗುತ್ತದೆ.

ಬೇಸಿಗೆಯಲ್ಲಿ ನಮ್ಮಲ್ಲಿ ರಸ್ತೆಯ ಧೂಳು, ಕಾಫಿ ಒಣಗಿಸುವ ಕಣದ ಧೂಳು, ಒಲೆಯ ಹೊಗೆ ಎಲ್ಲವೂ ಇದೆ. ರೇಡಿಯೇಟರ್‌ನ ಸಂದಿಯಲ್ಲಿ ಧೂಳು ಕೂತರೆ ಫ್ಯಾನ್ ಜೋರಾಗಿ ತಿರುಗಲೇಬೇಕು. ಮೂರು ತಿಂಗಳಿಗೊಮ್ಮೆ ಕರೆಂಟ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಶುಚಿಮಾಡಿ.

ಹಣ ಕೊಡದೆ ಸದ್ದು ಇಳಿಸುವ ದಾರಿ

ಕೂಲರ್ ಕೊಳ್ಳುವ ಮೊದಲು, ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಿರಿ. ಪತ್ರಿಕೆಯ ಹಾಳೆಯನ್ನು ಸುರುಳಿ ಮಾಡಿ ಒಂದು ತುದಿ ಕಿವಿಗೆ, ಇನ್ನೊಂದನ್ನು ಕ್ಯಾಬಿನೆಟ್‌ನ ಹೊರಗಿನಿಂದ ಒಂದೊಂದೇ ಫ್ಯಾನಿನ ಕಡೆ ಹಿಡಿಯಿರಿ. ಗ್ರಾಫಿಕ್ಸ್ ಕಾರ್ಡಿನ ಅಥವಾ ಪವರ್ ಸಪ್ಲೈಯ ಫ್ಯಾನ್ ಗಲಾಟೆ ಮಾಡುತ್ತಿದ್ದರೆ ಪ್ರೊಸೆಸರ್‌ಗೆ ಎಷ್ಟು ದುಬಾರಿ ಕೂಲರ್ ಹಾಕಿದರೂ ಪ್ರಯೋಜನವಿಲ್ಲ.

ಬಯೋಸ್‌ನಲ್ಲಿ ಫ್ಯಾನಿನ ವೇಗದ ರೇಖೆ ಬದಲಿಸಬಹುದು. ಪ್ರೊಸೆಸರ್ 60 ಡಿಗ್ರಿ ದಾಟುವವರೆಗೆ ಫ್ಯಾನ್ ನಿಧಾನವಾಗಿರಲಿ, ಆಮೇಲೆ ಮೆಲ್ಲಗೆ ಏರಲಿ. 75 ಡಿಗ್ರಿಯಲ್ಲಿ ಓಡಿದರೆ ಪ್ರೊಸೆಸರ್‌ಗೆ ಏನೂ ಆಗದು. ರೈಜನ್‌ನಲ್ಲಿ ಇಕೋ ಮೋಡ್, ಇಂಟೆಲ್‌ನಲ್ಲಿ ಪವರ್ ಲಿಮಿಟ್ ಇಳಿಸಿದರೆ ವೇಗ ಸ್ವಲ್ಪ ಕಡಿಮೆಯಾದರೂ ಬಿಸಿ ಬಹಳ ಇಳಿಯುತ್ತದೆ. ಯುಪಿಎಸ್ ಕೂಡ ಹೆಚ್ಚು ಹೊತ್ತು ಬರುತ್ತದೆ.

ಮಿತ್ರರೇ, ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ನಿಮ್ಮ ಪ್ರೊಸೆಸರ್‌ನ ಗರಿಷ್ಠ ವಾಟ್, ಕ್ಯಾಬಿನೆಟ್‌ನ ಅಳತೆ, ನಿಮ್ಮ ಕೋಣೆಯ ಬೇಸಿಗೆಯ ಉಷ್ಣತೆ. ಈ ಮೂರು ಗೊತ್ತಿದ್ದರೆ ಯಾರ ಮಾತಿಗೂ ಮರುಳಾಗಬೇಕಿಲ್ಲ. 120 ವಾಟ್‌ನ ಒಳಗಿದ್ದರೆ ಗಾಳಿ ಕೂಲರ್ ಕೇಳಿ, 200 ದಾಟಿದರೆ ಎಐಒ ಕೇಳಿ. ತರಗತಿಯಲ್ಲಿ ಕಲಿತ ವಿಶಿಷ್ಟ ಉಷ್ಣವೂ ಲಾಗರಿದಮ್ಮೂ ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ, ಮನೆಯ ಹಣ ಉಳಿಸುವುದಕ್ಕೂ ಬೇಕು.