ಬಾಗಿಲಿಗೆ ಬಂದವರು ಯಾರು? – ರಿವರ್ಸ್ ಪ್ರಾಕ್ಸಿ ಮತ್ತು ನಿಜವಾದ ಐಪಿ ವಿಳಾಸ



ಒಂದು ತಾಲ್ಲೂಕು ಕಚೇರಿಯನ್ನು ಮನಸ್ಸಿಗೆ ತಂದುಕೊಳ್ಳಿ. ಹೊರಗೆ ಅರ್ಜಿ ಹಿಡಿದು ನಿಂತವರ ಸಾಲು. ಬಾಗಿಲಲ್ಲಿ ಜವಾನ. ಒಳಗೆ ಸಾಹೇಬರು. ಜವಾನ ಒಬ್ಬೊಬ್ಬರ ಅರ್ಜಿಯನ್ನೂ ಪಡೆದು ಒಳಗೆ ಒಯ್ಯುತ್ತಾನೆ. ಸಾಹೇಬರು ಕೊಟ್ಟ ಉತ್ತರವನ್ನು ಹೊರಗೆ ತಂದು ಕೊಡುತ್ತಾನೆ. ಸಂಜೆ ಯಾರಾದರೂ "ಇವತ್ತು ನಿಮ್ಮ ಕೊಠಡಿಗೆ ಯಾರು ಯಾರು ಬಂದಿದ್ದರು?" ಎಂದು ಸಾಹೇಬರನ್ನು ಕೇಳಿದರೆ, "ಜವಾನ ಒಬ್ಬನೇ ಬಂದದ್ದು, ಇನ್ನೂರು ಸಲ ಬಂದ" ಎಂದೇ ಅವರು ಹೇಳಬೇಕು. ಅದು ಸುಳ್ಳಲ್ಲ. ಆದರೆ ಆ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ.

ಇಂದು ನಾವು ನೋಡುವ ಬಹುಪಾಲು ದೊಡ್ಡ ಜಾಲತಾಣಗಳ ಹಿಂದಿರುವ ಸರ್ವರ್‌ಗಳ ಪರಿಸ್ಥಿತಿಯೂ ಇದೇ. ಅವುಗಳ ಬಾಗಿಲಲ್ಲಿಯೂ ಒಬ್ಬ ಜವಾನನಿದ್ದಾನೆ. ಅವನ ಹೆಸರು ರಿವರ್ಸ್ ಪ್ರಾಕ್ಸಿ. ಅವನ ಬೆನ್ನ ಹಿಂದೆ ಕುಳಿತ ಸರ್ವರ್, ನಿಜವಾಗಿ ಬಂದವರು ಯಾರೆಂದು ತಿಳಿಯುವುದು ಹೇಗೆ? ಈ ಸಲದ ನಮ್ಮ ವಿಷಯ ಇದು.

ವಿಳಾಸ ಎಂದರೇನು?

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. 1981ರಲ್ಲಿ ರೂಪುಗೊಂಡ, ಇಂದಿಗೂ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ ಈ ವಿಳಾಸ 32 ಬಿಟ್‌ಗಳದ್ದು. ಅದನ್ನು 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತಾರೆ, ಉದಾಹರಣೆಗೆ 198.51.100.25. ಇಂಥ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವು ಸಾಲದೆ ಹೋದುದರಿಂದಲೇ 128 ಬಿಟ್‌ಗಳ ಆರನೆಯ ಆವೃತ್ತಿ ಬಂತು.

ಎರಡು ಯಂತ್ರಗಳು ಮಾತು ಆರಂಭಿಸುವ ಮೊದಲು ಮೂರು ಹೆಜ್ಜೆಗಳ ಒಂದು ಪರಿಚಯ ನಡೆಯುತ್ತದೆ. ಬಂದವನು "ಮಾತನಾಡಬೇಕು" ಎಂದು ಕೇಳುತ್ತಾನೆ. ಸರ್ವರ್ ಆ ವಿಳಾಸಕ್ಕೆ ಊಹಿಸಲು ಕಷ್ಟವಾದ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಅದು ತಲುಪಿತೆಂದು ಬಂದವನು ಆ ಸಂಖ್ಯೆಯ ಆಧಾರದಿಂದಲೇ ಒಪ್ಪಿಗೆ ಹೇಳಬೇಕು. ಸುಳ್ಳು ವಿಳಾಸ ಕೊಟ್ಟವನಿಗೆ ಆ ಸಂಖ್ಯೆ ತಲುಪುವುದೇ ಇಲ್ಲ, ಮಾತು ಮುಂದುವರಿಯುವುದಿಲ್ಲ. ಆದ್ದರಿಂದ ತನ್ನೊಡನೆ ನೇರವಾಗಿ ಮಾತನಾಡುತ್ತಿರುವ ಯಂತ್ರದ ವಿಳಾಸವನ್ನು ಸರ್ವರ್ ಬಹುಮಟ್ಟಿಗೆ ನಂಬಬಹುದು. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ನಡುವೆ ಜವಾನ ಏಕೆ?

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ಮಂದಿ ಒಂದೇ ತಾಣಕ್ಕೆ ಬರುತ್ತಾರೆ. ಒಂದು ಸರ್ವರ್ ಅದನ್ನು ತಾಳಲಾರದು. ಮುಂದೆ ನಿಂತ ರಿವರ್ಸ್ ಪ್ರಾಕ್ಸಿ ಬಂದ ಕೋರಿಕೆಗಳನ್ನು ಹಿಂದಿನ ಹಲವು ಸರ್ವರ್‌ಗಳಿಗೆ ಹಂಚುತ್ತದೆ. ಪದೇ ಪದೇ ಕೇಳುವ ಪುಟಗಳ ಪ್ರತಿಯನ್ನು ತಾನೇ ಇಟ್ಟುಕೊಂಡು ಕೊಡುತ್ತದೆ. ಗುಪ್ತಲಿಪಿಯನ್ನು ಬಿಡಿಸುವ ಕೆಲಸವನ್ನೂ ತಾನೇ ಮಾಡುತ್ತದೆ. ಎನ್‌ಜಿನ್ಎಕ್ಸ್, ಎಚ್‌ಎ ಪ್ರಾಕ್ಸಿ, ವಾರ್ನಿಷ್ ಇವು ಈ ಕೆಲಸಕ್ಕೆ ಹೆಸರಾದ ತಂತ್ರಾಂಶಗಳು.

ಆದರೆ ಜವಾನ ಒಳಗೆ ಹೋಗುವಾಗ ಹೊಸದೊಂದು ಮಾತುಕತೆ ಆರಂಭವಾಗುತ್ತದೆ. ಹೊರಗಿನವನ ವಿಳಾಸ 198.51.100.25, ಪ್ರಾಕ್ಸಿಯದು 10.0.0.5 ಎಂದಿಟ್ಟುಕೊಳ್ಳಿ. ಹಿಂದಿನ ಸರ್ವರ್‌ಗೆ ಕಾಣುವುದು 10.0.0.5 ಮಾತ್ರ. ಸಾವಿರ ಜನ ಬರಲಿ, ಲಕ್ಷ ಜನ ಬರಲಿ, ದಾಖಲೆ ಪುಸ್ತಕದ ತುಂಬ ಅದೇ ಸಂಖ್ಯೆ.

ಇದರಿಂದ ತೊಂದರೆಯೇನು? ತಪ್ಪು ಗುಪ್ತಪದವನ್ನು ಐದು ಸಲ ಕೊಟ್ಟ ವಿಳಾಸವನ್ನು ಒಂದು ಗಂಟೆ ತಡೆಯಬೇಕು ಎಂಬ ನಿಯಮವನ್ನು ಆ ಸರ್ವರ್‌ನಲ್ಲಿ ಇಟ್ಟಿದ್ದಾರೆ ಎನ್ನಿ. ಎಲ್ಲೋ ಕುಳಿತ ಒಬ್ಬ ಕಿಡಿಗೇಡಿ ಐದು ಸಲ ತಪ್ಪು ಮಾಡುತ್ತಾನೆ. ಸರ್ವರ್ 10.0.0.5ನ್ನು ತಡೆಯುತ್ತದೆ. ಅಂದರೆ ಜವಾನನನ್ನೇ ಹೊರಗಟ್ಟುತ್ತದೆ. ಆ ಕ್ಷಣದಿಂದ ಯಾರಿಗೂ ಪ್ರವೇಶವಿಲ್ಲ!

ಒಂದು ದೇಶವೇ ಹೊರಗುಳಿದಾಗ

ಇದು ಬರಿಯ ಕಲ್ಪನೆಯಲ್ಲ. 2007ರ ಹೊಸ ವರ್ಷದ ಆಸುಪಾಸಿನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೀಗೊಂದು ಪ್ರಸಂಗ ನಡೆಯಿತು. ಪುಟಗಳನ್ನು ಕೆಡಿಸುತ್ತಿದ್ದ ಒಂದು ಐಪಿ ವಿಳಾಸವನ್ನು ನಿರ್ವಾಹಕರು ತಡೆದರು. ಆಮೇಲೆ ತಿಳಿದದ್ದು, ಕತಾರ್ ದೇಶದ ಬಳಕೆದಾರರು ಬಹುತೇಕ ಎಲ್ಲರೂ ಅದೊಂದೇ ವಿಳಾಸದಿಂದ ಹೊರಗೆ ಬರುತ್ತಿದ್ದರು! ಅಲ್ಲಿನ ದೂರಸಂಪರ್ಕ ಸಂಸ್ಥೆ ಎಲ್ಲರ ಕೋರಿಕೆಗಳನ್ನೂ ತನ್ನ ಪ್ರಾಕ್ಸಿಯ ಮೂಲಕ ಕಳುಹಿಸುತ್ತಿತ್ತು. ಸಂಗತಿ ತಿಳಿದ ಮೇಲೆ ತಡೆಯನ್ನು ತೆಗೆದರು.

ಇಲ್ಲಿದ್ದದ್ದು ಗ್ರಾಹಕರ ಕಡೆಯ ಪ್ರಾಕ್ಸಿ. ನಾವು ಹೇಳುತ್ತಿರುವುದು ತಾಣದ ಕಡೆಯ ಪ್ರಾಕ್ಸಿ. ದಿಕ್ಕು ಬೇರೆ, ಪೇಚು ಒಂದೇ: ಹಲವರ ಮುಂದೆ ಒಂದೇ ಮುಖ. ವಿಕಿಪೀಡಿಯದ ಮುಂದೆಯೂ ರಿವರ್ಸ್ ಪ್ರಾಕ್ಸಿಗಳಿವೆ. ನಮ್ಮ ಕನ್ನಡ ವಿಕಿಪೀಡಿಯದ ಪುಟಗಳೂ ಅವುಗಳ ಮೂಲಕವೇ ನಮಗೆ ಬರುತ್ತವೆ. ಆದ್ದರಿಂದ ಎರಡೂ ದಿಕ್ಕಿನ ಪ್ರಾಕ್ಸಿಗಳ ವಿಚಾರವನ್ನು ಅದನ್ನು ನಡೆಸುವವರು ಯೋಚಿಸಬೇಕಾಯಿತು.

ಚೀಟಿಯ ಉಪಾಯ

ಪರಿಹಾರ ಸುಲಭವೆಂದು ನಿಮಗೆ ಆಗಲೇ ಹೊಳೆದಿರಬಹುದು. ಜವಾನ ಪ್ರತಿ ಅರ್ಜಿಗೂ ಒಂದು ಚೀಟಿ ಲಗತ್ತಿಸಿ, "ಇದನ್ನು ಕೊಟ್ಟವರು ಇಂಥವರು" ಎಂದು ಬರೆದರೆ ಸಾಕಲ್ಲ!

ಹಾಗೆಯೇ ಮಾಡಿದರು. ಜಾಲತಾಣಕ್ಕೆ ಹೋಗುವ ಪ್ರತಿ ಕೋರಿಕೆಯ ತಲೆಯಲ್ಲಿ ಹೆಡರ್ ಎನ್ನುವ ಕೆಲವು ಸಾಲುಗಳಿರುತ್ತವೆ. ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶವನ್ನು ರೂಪಿಸಿದವರು ಅಲ್ಲಿ ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೊಸ ಸಾಲನ್ನು ಸೇರಿಸಿದರು. ಅದು ಎಲ್ಲೆಡೆ ರೂಢಿಗೆ ಬಂತು. ಇದೇ ಉದ್ದೇಶಕ್ಕೆ ಫಾರ್ವರ್ಡೆಡ್ ಎಂಬ ವಿಧ್ಯುಕ್ತ ಹೆಡರ್ 2014ರಲ್ಲಿ ಗೊತ್ತಾಯಿತಾದರೂ ಹಳೆಯದರ ಬಳಕೆ ನಿಲ್ಲಲಿಲ್ಲ.

ದಾರಿಯಲ್ಲಿ ಎರಡು ಮೂರು ಪ್ರಾಕ್ಸಿಗಳಿದ್ದರೆ? ಪ್ರತಿಯೊಂದೂ ತನಗೆ ಕೋರಿಕೆ ಕೊಟ್ಟವರ ವಿಳಾಸವನ್ನು ಸಾಲಿನ ಬಲತುದಿಗೆ ಸೇರಿಸುತ್ತ ಹೋಗುತ್ತದೆ. ಹೀಗಾಗಿ ಎಡತುದಿಯಲ್ಲಿರುವುದು ಮೊಟ್ಟಮೊದಲು ಹೊರಟವನ ವಿಳಾಸ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ.

ಚೀಟಿಯನ್ನು ಬರೆದವರು ಯಾರು?

ಹೆಡರ್ ಬರಿಯ ಅಕ್ಷರಗಳ ಸಾಲು. ಅದನ್ನು ಯಾರು ಬೇಕಾದರೂ ಬರೆಯಬಹುದು. ಅರ್ಜಿದಾರನೇ ಮನೆಯಿಂದ ಹೊರಡುವಾಗ ಇನ್ನೊಬ್ಬರ ಹೆಸರಿನ ಚೀಟಿಯನ್ನು ಅಂಟಿಸಿಕೊಂಡು ಬಂದರೆ?

198.51.100.25ರ ಕಿಡಿಗೇಡಿ ತನ್ನ ಕೋರಿಕೆಯಲ್ಲಿ ಎಕ್ಸ್-ಫಾರ್ವರ್ಡೆಡ್-ಫಾರ್ ಸಾಲನ್ನು ತಾನೇ ಸೇರಿಸಿ 203.0.113.77 ಎಂದು ಬರೆಯುತ್ತಾನೆ. ಪ್ರಾಕ್ಸಿ ಅದರ ಬಲಕ್ಕೆ ಅವನ ನಿಜವಾದ ವಿಳಾಸವನ್ನು ಸೇರಿಸುತ್ತದೆ. ಒಳಗಿನ ಸರ್ವರ್‌ಗೆ ತಲುಪುವುದು ಹೀಗೆ:

203.0.113.77, 198.51.100.25

ಎಡತುದಿಯನ್ನು ನಂಬಿದ ಸರ್ವರ್ ಮೋಸ ಹೋಯಿತು. ಪ್ರತಿ ಸಲ ಹೊಸ ಸುಳ್ಳು ವಿಳಾಸ ಬರೆದರೆ "ಐದು ಸಲ" ಎಂಬ ಮಿತಿ ಅವನನ್ನು ಎಂದಿಗೂ ಹಿಡಿಯದು. ಗುಪ್ತಪದವನ್ನು ಸಾವಿರ ಬಗೆಯಲ್ಲಿ ಊಹಿಸುತ್ತ ಕೂರಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದಾಖಲೆಯಲ್ಲಿ 203.0.113.77 ಎಂದಿರುವುದರಿಂದ, ಏನೂ ಅರಿಯದ ಬೇರೊಬ್ಬರ ಮನೆಯ ಬಾಗಿಲಿಗೆ ವಿಚಾರಣೆ ಹೋಗಬಹುದು.

ಆದ್ದರಿಂದ ಚೀಟಿಯನ್ನು ಬಲದಿಂದ ಎಡಕ್ಕೆ ಓದಬೇಕು. ಮೊದಲು, ತನ್ನೊಡನೆ ನೇರವಾಗಿ ಮಾತನಾಡುತ್ತಿರುವುದು ತನ್ನದೇ ಪ್ರಾಕ್ಸಿಯೇ ಎಂದು ಸರ್ವರ್ ನೋಡಬೇಕು. ಆ ವಿಳಾಸವನ್ನು ನಂಬಬಹುದೆಂದು ಆಗಲೇ ಹೇಳಿದೆವಲ್ಲ. ಪ್ರಾಕ್ಸಿ ತನ್ನದಲ್ಲವಾದರೆ ಚೀಟಿಯನ್ನು ಓದಲೇಬಾರದು. ತನ್ನದಾದರೆ ಬಲತುದಿಯಿಂದ ಆರಂಭಿಸಿ, ತನ್ನ ಪ್ರಾಕ್ಸಿಗಳ ವಿಳಾಸಗಳನ್ನು ಬಿಡುತ್ತ ಬರಬೇಕು. ತನ್ನದಲ್ಲದ ಮೊದಲ ವಿಳಾಸ ಸಿಕ್ಕಲ್ಲಿ ನಿಲ್ಲಬೇಕು. ಬಂದವರ ವಿಳಾಸ ಅದೇ. ಅದರ ಎಡಕ್ಕಿರುವುದೆಲ್ಲ ಅರ್ಜಿದಾರ ತಾನೇ ಹೇಳಿಕೊಂಡ ಮಾತು.

ಎನ್‌ಜಿನ್ಎಕ್ಸ್‌ನ ರಿಯಲ್ ಐಪಿ ಮತ್ತು ಅಪಾಚೆಯ ರಿಮೋಟ್ ಐಪಿ ಎಂಬ ಭಾಗಗಳು ಈ ಕೆಲಸಕ್ಕಾಗಿಯೇ ಇವೆ. ನಂಬಬಹುದಾದ ಪ್ರಾಕ್ಸಿಗಳ ಪಟ್ಟಿಯನ್ನು ಮಾತ್ರ ನಾವೇ ಕೊಡಬೇಕು. ಎಲ್ಲ ವಿಳಾಸಗಳನ್ನೂ ನಂಬು ಎಂದು ಬರೆದುಬಿಟ್ಟರೆ ಮತ್ತೆ ಮೊದಲಿನ ಪಾಡೇ. ವಿಕಿಪೀಡಿಯದವರು ಹೊರಗಿನ ಪ್ರಾಕ್ಸಿಗಳಿಗೂ ಇದೇ ಕ್ರಮ ಹಿಡಿದರು: ನಂಬಿಕಸ್ಥರೆಂದು ಪಟ್ಟಿಯಲ್ಲಿ ಸೇರಿಸಿದ ಸಂಸ್ಥೆಗಳ ಚೀಟಿಗೆ ಮಾತ್ರ ಮಾನ್ಯತೆ.

ಹಿಂಬಾಗಿಲನ್ನೂ ಮುಚ್ಚಬೇಕು. ಹಿಂದಿನ ಸರ್ವರ್ ಹೊರಗಿನವರಿಗೆ ನೇರವಾಗಿ ಸಿಗುವಂತಿದ್ದರೆ ಪ್ರಾಕ್ಸಿಯಲ್ಲಿ ಹಾಕಿದ ತಡೆಗಳೆಲ್ಲ ವ್ಯರ್ಥ. ಪ್ರಾಕ್ಸಿಯ ಹೊರತು ಬೇರಾರೂ ಅದನ್ನು ಮುಟ್ಟದಂತೆ ಫೈರ್‌ವಾಲ್‌ನಲ್ಲಿ ವ್ಯವಸ್ಥೆ ಮಾಡಬೇಕು.

ವಿಳಾಸವೇ ವ್ಯಕ್ತಿಯಲ್ಲ

ಇಷ್ಟು ಮಾಡಿ ನಿಜವಾದ ವಿಳಾಸ ಸಿಕ್ಕಿತು ಎನ್ನೋಣ. ಅದು ಒಬ್ಬ ಮನುಷ್ಯನ ಗುರುತೇ? ಅಲ್ಲ. ಒಂದು ಹಾಸ್ಟೆಲಿನ ಎಲ್ಲ ಮಕ್ಕಳೂ ಒಂದೇ ವಿಳಾಸದಿಂದ ಹೊರಬರಬಹುದು. ಮೊಬೈಲ್ ಕಂಪನಿಗಳು ನಾಲ್ಕನೆಯ ಆವೃತ್ತಿಯ ವಿಳಾಸಗಳ ಕೊರತೆಯಿಂದಾಗಿ ಬಹಳ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇಂಥಲ್ಲಿ ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆ ಮತ್ತು ನಿಖರವಾದ ಸಮಯ ಇದ್ದರೆ ಮಾತ್ರ ಯಾರೆಂದು ಕಂಪನಿ ಹುಡುಕಬಲ್ಲದು. ನಮ್ಮ ದೇಶದಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಇಂಥ ದಾಖಲೆಗಳನ್ನು 180 ದಿನ ಕಾಪಾಡಬೇಕು. ಆದರೆ ಪುಟ ಪುಟವೂ 10.0.0.5 ಎಂದೇ ಇದ್ದರೆ ಕಾಪಾಡಿ ಫಲವೇನು? ಎಡತುದಿಯ ಸುಳ್ಳೇ ಅಲ್ಲಿ ಬರೆದಿದ್ದರೆ ನಿರಪರಾಧಿಯ ಗತಿಯೇನು?

ನೋಡಿ, ಇದು ಕಂಪ್ಯೂಟರಿನ ಒಂದು ಸಣ್ಣ ಜೋಡಣೆಯ ವಿಷಯ. ಆದರೂ ಅದರ ತಳದಲ್ಲಿರುವುದು ನ್ಯಾಯದ ಪ್ರಶ್ನೆಯೇ. ಚೀಟಿಯಲ್ಲಿ ಏನು ಬರೆದಿದೆ ಎಂದು ನೋಡುವ ಮೊದಲು, ಅದನ್ನು ಬರೆದ ಕೈ ಯಾರದು ಎಂದು ಕೇಳಿ.

ನೀವೇ ಬಿಡಿಸಿ: ಒಂದು ತಾಣದ ಸ್ವಂತ ಪ್ರಾಕ್ಸಿಗಳು 10.0.0.5 ಮತ್ತು 198.51.100.7. ಸರ್ವರ್‌ಗೆ 10.0.0.5ರಿಂದ ಒಂದು ಕೋರಿಕೆ ಬಂದಿದೆ. ಚೀಟಿಯಲ್ಲಿ 192.0.2.8, 203.0.113.40, 198.51.100.7 ಎಂದಿದೆ. ಬಾಗಿಲಿಗೆ ಬಂದವರ ವಿಳಾಸ ಯಾವುದು? ಉಳಿದೆರಡನ್ನು ಏಕೆ ಬಿಟ್ಟಿರಿ? (ಈ ಪಾಠದಲ್ಲಿ 192.0.2, 198.51.100 ಮತ್ತು 203.0.113ರಿಂದ ಆರಂಭವಾಗುವ ವಿಳಾಸಗಳು ಯಾರಿಗೂ ಸೇರಿದವಲ್ಲ. ಪುಸ್ತಕ, ಪಾಠಗಳ ಉದಾಹರಣೆಗೆಂದೇ ಅವನ್ನು ಮೀಸಲಿಟ್ಟಿದ್ದಾರೆ.)